ಮೊದಲನೇ ಡ್ರಾಯರಿನ ಪತಂಗ

ಸಸಿಯಕ್ಕನಿಗೆ ಹುಳುವಿನ ಹೆಸರು ಗೊತ್ತಿರಲಿಲ್ಲ.

ಉಳಿದದ್ದೆಲ್ಲ ಇತ್ತು. ಇಪ್ಪತ್ತೆರಡು ಏರುಮಡಿ, ಮಡಿಗೆ ಒಂಬೈನೂರರಂತೆ ಎಲೆಕೋಸಿನ ಸಸಿ, ಮೇಲೆ ಹಸಿರು ನೆರಳುಪರದೆ, ಬಾವಿಗೆ ಗಂಡ ತಾನೇ ಕೂರಿಸಿದ ಪಂಪು, ಮುಂಬಾಗಿಲ ಗೋಡೆಯಲ್ಲಿ ಗಾಜು ಹಾಕಿಸಿ ತೂಗುಹಾಕಿದ ಆರು ವಾರದ ಸಸಿ ತರಬೇತಿಯ ಸರ್ಟಿಫಿಕೇಟು. ಇದೆಲ್ಲದರ ಮೇಲೆ ದೊಡ್ಡ ಫಾರಂನವರ ಆರ್ಡರಿತ್ತು. ಹದಿನೆಂಟು ಸಾವಿರ ಸಸಿ. ಈ ಸಲ ಒಪ್ಪಿಗೆಯಾದರೆ ಪ್ರತಿವರ್ಷವೂ ಅವಳದೇ ಸಸಿ. ಆರ್ಡರು ಬಂದ ದಿನದಿಂದ ಅವಳ ಹೆಗಲು ಎರಡು ಬೆರಳು ಮೇಲೇರಿತ್ತು ಎಂದು ಓಣಿಯವರು ಆಡಿಕೊಂಡಿದ್ದರು. ಏರಿದ್ದೂ ನಿಜ.

ಸಸಿಗೆ ಹತ್ತು ದಿನವಾಗಿತ್ತು. ಲಾರಿ ಬರಲು ಇನ್ನು ಇಪ್ಪತ್ತಾರು ದಿನ. ಬೆಳಿಗ್ಗೆ ನೀರು ಬಿಡಲು ಹೋದವಳು ಮೂರನೇ ಮಡಿಯ ಮುಂದೆ ನಿಂತುಬಿಟ್ಟಳು. ಸಸಿಗಳು ಮಲಗಿದ್ದವು. ಬಾಡಿರಲಿಲ್ಲ, ಕೊಳೆತಿರಲಿಲ್ಲ. ಯಾರೋ ಕತ್ತರಿ ಹಿಡಿದು ಬುಡಕ್ಕೆ ಹಾಕಿದ ಹಾಗೆ ತುಂಡಾಗಿ, ಎಲೆ ಹಸಿರಾಗಿಯೇ ಇದ್ದು, ಮಣ್ಣಿನ ಮೇಲೆ ಅಡ್ಡ ಬಿದ್ದಿದ್ದವು. ಎಣಿಸಿದಳು. ನಲವತ್ತೊಂದು.

ಅತ್ತೆ ಹಿಂದಿನಿಂದ ಬಂದು ಬಗ್ಗಿ ನೋಡಿದಳು. ಅತ್ತೆಗೆ ಎಪ್ಪತ್ತು ದಾಟಿತ್ತು, ಓದು ಬರಹ ಬರುತ್ತಿರಲಿಲ್ಲ. ಕೈಯಲ್ಲಿ ಯಾವಾಗಲೂ ಒಂದು ಸವೆದ ಚಮಚ ಇರುತ್ತಿತ್ತು, ಅದರಲ್ಲೇ ಕಳೆ ಕೀಳುವುದು, ಅದರಲ್ಲೇ ಬೆನ್ನು ತುರಿಸಿಕೊಳ್ಳುವುದು. ತುಂಡಾದ ಸಸಿಯ ಪಕ್ಕದ ಮಣ್ಣನ್ನು ಚಮಚದಲ್ಲಿ ಎರಡು ಬೆರಳಾಳ ಎತ್ತಿದಳು. ಬೂದು ಕಪ್ಪಿನ, ಎಣ್ಣೆ ಸವರಿದಂಥ ದಪ್ಪ ಹುಳುವೊಂದು ಹೊರಬಿದ್ದು ಉಂಗುರದಂತೆ ಸುತ್ತಿಕೊಂಡಿತು.

"ಇದೇ ಕಣಮ್ಮ. ರಾತ್ರಿಯೆಲ್ಲ ತಿನ್ನತ್ತೆ, ಹಗಲು ಬುಡದಲ್ಲೇ ಮಲಗತ್ತೆ. ಬೆಳಿಗ್ಗೆ ಎದ್ದು ಕೆದಕು, ಸಿಕ್ಕಿದ್ದನ್ನ ಹಿಸುಕಿ ಹಾಕು."

"ಇದರ ಹೆಸರೇನು?"

"ಹೆಸರು ಕಟ್ಟಿಕೊಂಡು ಏನು ಮಾಡ್ತೀಯ? ಕರೆದರೆ ಬರತ್ತಾ?"

ಸಸಿಯಕ್ಕ ಮೂಗು ಮುರಿದಳು. "ಇಪ್ಪತ್ತೆರಡು ಮಡಿ ಬುಡ ಕೆದಕ್ತಾ ಕೂರೋಕೆ ನಾನೇನು ಕೋಳೀನಾ ಅತ್ತೆ?"

ಹೆಸರು ಬೇಕಾದದ್ದಕ್ಕೆ ಕಾರಣವಿತ್ತು. ಸೊಸೈಟಿಯ ಉಗ್ರಾಣದಲ್ಲಿ ಹುಳುವಿನ ಔಷಧಿ ಕೊಡುವುದು ಚೀಟಿ ತೋರಿಸಿದರೆ ಮಾತ್ರ. ಚೀಟಿಯಲ್ಲಿ ಹುಳುವಿನ ಹೆಸರಿರಬೇಕು, ಕೀಟ ಗುರುತು ವಿಭಾಗದ ಸೀಲಿರಬೇಕು. ಚೀಟಿಯಿಲ್ಲದೆ ಬೇರೆಲ್ಲಿಂದಲೋ ತಂದ ಔಷಧಿ ಒಂದು ತೊಟ್ಟು ಬಿದ್ದಿದ್ದರೂ ಸಸಿ ಎತ್ತುವುದಿಲ್ಲ ಎಂದು ಫಾರಂನವರು ಮೊದಲೇ ಬರೆಸಿಕೊಂಡಿದ್ದರು. ಇದರಲ್ಲಿ ಸಸಿಯಕ್ಕನಿಗೆ ಚಿಂತೆಯೇನೂ ಇರಲಿಲ್ಲ. ಸೀಲು ಇದ್ದದ್ದು ಅವಳ ಮೈದುನನ ಕೈಯಲ್ಲಿ.

ಮೈದುನನನ್ನು ಓಣಿಯವರು ಗುಂಡುಸೂಜಿ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ವಿಭಾಗದಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಸತ್ತ ಪತಂಗಗಳಿಗೆ ಸೂಜಿ ಚುಚ್ಚುವುದು ಅವನ ಕೆಲಸ. ಕೋಣೆಯ ತುಂಬ ಮರದ ಕಪಾಟು, ಕಪಾಟಿನ ತುಂಬ ಗಾಜಿನ ಮುಚ್ಚಳದ ಡ್ರಾಯರು, ಡ್ರಾಯರಿನ ತುಂಬ ರೆಕ್ಕೆ ಅಗಲಿಸಿ ಒಣಗಿಸಿದ ಪತಂಗಗಳು, ಮೂಲೆಮೂಲೆಗೆ ನುಸಿಗುಳಿಗೆ. ಅವನ ಅಂಗಿಗೂ ಊಟದ ಡಬ್ಬಿಗೂ ನುಸಿಗುಳಿಗೆಯ ವಾಸನೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಮೊದಲು ಡ್ರಾಯರು ತೆಗೆದು ತೋರಿಸುತ್ತಿದ್ದ. ಅಲ್ಲಿಗೆ ಅವರಿಗೇ ಉತ್ತರ ತಿಳಿಯುತ್ತಿತ್ತು. ಹೊಲಕ್ಕೆ ಕಾಲಿಟ್ಟದ್ದು ಕೆಲಸಕ್ಕೆ ಸೇರಿದ ವರ್ಷ ಒಂದು ಸಲ. ಕೆಸರಾಯಿತೆಂದು ಹಿಂದಿರುಗಿದ.

ಅವನು ಇದ್ದದ್ದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ. ಆದರೂ ಹುಳು ನೋಡಬೇಕಾದರೆ ಆಫೀಸಿಗೆ ತನ್ನಿ ಎಂದ. ಮನೆಯಲ್ಲಿ ನೋಡಿದ್ದು ದಾಖಲೆಯಾಗುವುದಿಲ್ಲವಂತೆ. ಸಸಿಯಕ್ಕ ಹುಳುವನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿ, ಬೆಳಿಗ್ಗೆ ತಾನೇ ಚಹಾ ಕೊಟ್ಟು ಕಳಿಸಿದ ಮೈದುನನ ಮೇಜಿನ ಮುಂದೆ ಅರ್ಧ ಗಂಟೆ ಬೆಂಚಿನಲ್ಲಿ ಕಾದು ಕೂತಳು.

ಅವನು ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕ ಮೇಲೆತ್ತಿ, ಮತ್ತೆ ಕೆಳಗಿಳಿಸಿ ನೋಡಿದ.

"ಅತ್ತಿಗೆ, ಇದು ಹುಳು."

"ನನಗೂ ಹಾಗೇ ಅನ್ನಿಸ್ತು. ಯಾವ ಹುಳು ಹೇಳು."

"ಹುಳು ನೋಡಿ ಹೆಸರು ಹೇಳೋದು ಪದ್ಧತಿ ಅಲ್ಲ. ಗುರುತು ಇರೋದು ರೆಕ್ಕೇಲಿ. ಇದಕ್ಕೆ ರೆಕ್ಕೆ ಎಲ್ಲಿದೆ? ತೊಟ್ಟಿಲಲ್ಲಿರೋ ಕೂಸಿನ ಮುಖ ನೋಡಿ ಮೀಸೆ ಹೇಗಿರತ್ತೆ ಅಂತ ಹೇಳೋಕಾಗತ್ತಾ? ಇದು ಬೆಳೀಬೇಕು, ಗೂಡು ಕಟ್ಟಬೇಕು, ಪತಂಗ ಆಗಿ ಹೊರಗೆ ಬರಬೇಕು. ಆಗ ತನ್ನಿ, ಒಂದೇ ನೋಟಕ್ಕೆ ಹೇಳ್ತೀನಿ."

"ಎಷ್ಟು ದಿನ ಹಿಡಿಯತ್ತೆ?"

"ಮೂರು ವಾರ ಅಂತಿಟ್ಟುಕೊಳ್ಳಿ."

"ಅಲ್ಲೀವರೆಗೆ ಸಸಿ?"

"ಸಸಿ ಬೇರೆ ವಿಭಾಗ."

ಇಷ್ಟಕ್ಕೇ ಬಿಡಲಿಲ್ಲ. ಡಬ್ಬಿಯಲ್ಲಿ ಒಂದೇ ಹುಳು ಸಾಲದು, ಹನ್ನೆರಡು ಸಾಕಬೇಕು ಎಂದ. ಯಾವ ಬೆಳೆ ತಿಂದಿತೋ ಅದನ್ನೇ ತಿನ್ನಿಸಬೇಕು, ದಿನಾ ತಾಜಾ ಎಲೆ. ಮಡಿಯಲ್ಲಿರುವ ಹುಳುಗಳನ್ನು ಮುಟ್ಟಬಾರದು, ಯಾಕೆಂದರೆ ತಾನು ಕೊಡುವ ಅಚ್ಚಿನ ಫಾರಮಿನ ಏಳನೇ ಕಲಮಿನಲ್ಲಿ ವಾರವಾರದ ಹಾನಿ ತುಂಬಬೇಕು, ಅಲ್ಲಿ ಕೈಹಾಕಿದರೆ ಲೆಕ್ಕ ಕೆಡುತ್ತದೆ. ಲೆಕ್ಕ ಕೆಟ್ಟರೆ ಚೀಟಿ ಇಲ್ಲ.

ಸಸಿಯಕ್ಕ ಮನಸ್ಸಿನಲ್ಲೇ ಇವನನ್ನು ಏಳು ತಲೆಮಾರಿನವರೆಗೆ ಬೈದಳು. ಆದರೆ ಫಾರಮನ್ನು ಮಾತ್ರ ನಾಲ್ಕಾಗಿ ಮಡಚಿ ಜೋಪಾನವಾಗಿ ಚೀಲದಲ್ಲಿಟ್ಟುಕೊಂಡಳು. ಮನುಷ್ಯರನ್ನು ನಂಬದಿದ್ದರೂ ಅಚ್ಚಾದ ಕಾಗದವನ್ನು ನಂಬುವುದು ಅವಳ ಜಾಯಮಾನ. ಆರು ವಾರದ ತರಬೇತಿಯಲ್ಲಿ ಕಲಿತದ್ದೇ ಅದು.

ಮಾರನೆಯ ದಿನದಿಂದ ಮನೆಯಲ್ಲಿ ಹುಳು ಸಾಕಣೆ ಶುರುವಾಯಿತು. ದೊಡ್ಡ ಗಾಜಿನ ಭರಣಿಯಲ್ಲಿ ಒದ್ದೆ ಮಣ್ಣು ತುಂಬಿ ಹನ್ನೆರಡು ಹುಳು ಬಿಟ್ಟಳು. ಎಳೆ ಸಸಿ ಹಾಕಿದಳು. ಬೆಳಿಗ್ಗೆ ನೋಡಿದರೆ ಎಂಟು ಇದ್ದವು. ಅದರ ಮಾರನೆಯ ದಿನ ಐದು. ಮುಚ್ಚಳ ಬಿಗಿಯಾಗಿತ್ತು, ತೂತು ಸೂಜಿಮೊನೆಯಷ್ಟು. ಭರಣಿಯನ್ನು ಬೆಳಕಿಗೆ ಹಿಡಿದಾಗ ಒಂದು ದಪ್ಪ ಹುಳು ಇನ್ನೊಂದರ ಅರ್ಧ ಮೈಯನ್ನು ನುಂಗಿಕೊಂಡು ಕೂತದ್ದು ಕಂಡಿತು.

ಅತ್ತೆ ಇಣುಕಿದಳು. "ಒಳ್ಳೆ ಬುದ್ಧಿ ಇದೆ ಇವಕ್ಕೆ. ನೀನು ಮಾಡಬೇಕಾದ ಕೆಲಸ ತಾವೇ ಮಾಡ್ಕೋತಿವೆ."

ಸಸಿಯಕ್ಕ ಸೊಪ್ಪು ಹಾಕಲಿಲ್ಲ. ಹನ್ನೆರಡು ಗಾಜಿನ ಲೋಟ ಹುಡುಕಿ ಮಣ್ಣು ತುಂಬಿ, ಕಡಿಮೆಬಿದ್ದ ಏಳು ಹುಳುವನ್ನು ಹೊಸದಾಗಿ ತಂದು, ಒಂದೊಂದಕ್ಕೂ ಒಂದೊಂದು ಬಿಟ್ಟು, ಅಡುಗೆಮನೆಯ ಅಟ್ಟಣಿಗೆಯ ಮೇಲೆ ಸಾಲಾಗಿ ಇಟ್ಟಳು. ಮನೆಯವರು ಸ್ಟೀಲು ಲೋಟದಲ್ಲಿ ನೀರು ಕುಡಿದರು. ದಿನಾ ಬೆಳಿಗ್ಗೆ ಅವಳ ಮೊದಲ ಕೆಲಸ ಬಾವಿ ಹತ್ತಿರದ ಮಡಿಗಳನ್ನು ಬಿಟ್ಟು ಬೇರೆ ಮಡಿಗೆ ಹೋಗಿ, ಚೆನ್ನಾಗಿ ಬೆಳೆದ ಇಪ್ಪತ್ತು ಸಸಿ ಕಿತ್ತು ತಂದು ಹುಳುಗಳಿಗೆ ಬಡಿಸುವುದು. ಎರಡನೇ ಕೆಲಸ, ಮಡಿಯಲ್ಲಿ ಹುಳು ತಾವಾಗಿ ತಿಂದದ್ದನ್ನು ಎಣಿಸಿ ಏಳನೇ ಕಲಮಿಗೆ ಬರೆಯುವುದು.

ಬಾವಿ ಹತ್ತಿರದ ಎರಡು ಮಡಿ ಅತ್ತೆಯದಾಗಿತ್ತು. ಯಾರೂ ಕೊಟ್ಟದ್ದಲ್ಲ. ಮುದುಕಿ ಬೆಳಿಗ್ಗೆ ಎದ್ದು ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಚಮಚದಲ್ಲಿ ಬುಡ ಕೆದಕಿ, ಸಿಕ್ಕಿದ ಹುಳುವನ್ನು ಬಾವಿಕಟ್ಟೆಯ ಕಲ್ಲಿನ ಮೇಲಿಟ್ಟು ಚಪ್ಪಲಿಯ ಹಿಮ್ಮಡಿಯಲ್ಲಿ ತಿರುವುತ್ತಿದ್ದಳು. ಇದರಿಂದ ಹಾನಿಯ ಸರಾಸರಿ ಕೆಡುತ್ತದೆ ಎಂದು ಗುಂಡುಸೂಜಿ ತಕರಾರು ಮಾಡಿದ. "ನಿನ್ನ ಸರಾಸರಿ ಹೆತ್ತವಳು ನಾನು, ಹೋಗೋ," ಎಂದಳು ಅತ್ತೆ. ಆ ಎರಡು ಮಡಿಯನ್ನು ಅವನು ಫಾರಮಿನಿಂದ ಹೊಡೆದುಹಾಕಿದ.

ಗಂಡ ಪಂಪು ರಿಪೇರಿಯವನು. ಮಾತು ಕಡಿಮೆ. ಒಂದು ಬೆಳಿಗ್ಗೆ ಹೆಂಡತಿ ಹುಳುವಿಗೆ ಎಲೆ ಹಾಕುವುದನ್ನು ನೋಡುತ್ತ ಚಹಾ ಕುಡಿದವನು ಕೇಳಿದ:

"ಔಷಧಿ ಬೇಕಾದ್ರೆ ಚೀಟಿ ಬೇಕು. ಚೀಟಿ ಬೇಕಾದ್ರೆ ಪತಂಗ ಬೇಕು. ಪತಂಗ ಬೇಕಾದ್ರೆ ಹುಳು ಸಸಿ ತಿನ್ನಬೇಕು. ಅಷ್ಟೇನಾ?"

"ಹೂಂ."

"ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ," ಎಂದು ಲೋಟ ಕೆಳಗಿಟ್ಟು ಕೆಲಸಕ್ಕೆ ಹೋದ. ಅವನ ಪಾಲಿನ ನೆರವು ಅಷ್ಟೇ.

ಒಂಬತ್ತನೇ ದಿನ ಸಸಿಯಕ್ಕ ಜಗಲಿ ಗುಡಿಸುತ್ತಿದ್ದಳು. ಜಗಲಿಯ ದೀಪದ ಕೆಳಗೆ ದಿನವೂ ಏನಾದರೊಂದು ಕಸ ಬಿದ್ದಿರುತ್ತಿತ್ತು, ಸತ್ತ ಸೊಳ್ಳೆ, ಉದುರಿದ ರೆಕ್ಕೆ. ಆ ದಿನ ಗೋಡೆಯ ಮೇಲೆ ಒಂದು ಪತಂಗ ಜೀವಂತ ಕೂತಿತ್ತು. ಬೆರಳಿನ ಒಂದೂವರೆ ಗೆಣ್ಣಿನಷ್ಟು ಉದ್ದ, ಕಡ್ಡಿಯಂತೆ ಸಣಕಲು, ರೆಕ್ಕೆಗಳನ್ನು ಒಂದರ ಮೇಲೊಂದು ಬೆನ್ನಿಗೆ ಒತ್ತಿ ಮಡಚಿಕೊಂಡಿತ್ತು. ಹುಳುವಿನದೇ ಕೊಳಕು ಕಂದು. ಹತ್ತಿರ ಬಗ್ಗಿದಳು. ರೆಕ್ಕೆಯ ನಡುವೆ ಹುರುಳಿ ಕಾಳಿನ ಆಕಾರದ ಒಂದು ಮಚ್ಚೆ, ಆ ಮಚ್ಚೆಯಿಂದ ಹೊರಕ್ಕೆ ಚಾಚಿದ ಸಣ್ಣ ಕಪ್ಪು ಗೀಟು, ಚೂರಿಯ ಅಲಗಿನ ಹಾಗೆ. ಎರಡೂ ಕಡೆ ಒಂದೊಂದು ಚೂರಿ.

ಅದನ್ನು ಲೋಟದಲ್ಲಿ ಮುಚ್ಚಿ ಹಿಡಿದು, ತಿಂಡಿ ತಿನ್ನುತ್ತಿದ್ದ ಮೈದುನನ ಮುಂದಿಟ್ಟಳು.

"ಇದೇ ಇರಬಹುದಾ ನೋಡು. ದಿನಾ ದೀಪಕ್ಕೆ ಬರತ್ತೆ. ಹುಳದ ಬಣ್ಣಾನೇ ಇದೆ."

ಅವನು ತಿನ್ನುವುದನ್ನು ನಿಲ್ಲಿಸದೆ ಒಂದು ಕಣ್ಣಲ್ಲಿ ನೋಡಿದ. "ಬಣ್ಣ ಒಂದೇ ಆದ್ರೆ ಅಣ್ಣನ ಪ್ಯಾಂಟೂ ಪತಂಗಾನೇ. ಅತ್ತಿಗೆ, ಈ ಥರದ್ದು ನಮ್ಮ ನಲವತ್ತು ಡ್ರಾಯರಲ್ಲಿ ಒಂದೂ ಇಲ್ಲ. ನಮ್ಮಲ್ಲಿರೋವು ಅಗಲ ಇರತ್ವೆ. ಹಿಂದಿನ ರೆಕ್ಕೆ ಬೆಳ್ಳಗೆ ಕಾಣತ್ತೆ. ಇದೇನು, ಬೀಡಿ ತುಂಡಿನ ಹಾಗಿದೆ. ಯಾವುದೋ ಕಸ. ಬಿಸಾಕಿ."

ಅವಳು ಬಿಸಾಕಿದಳು. ಬೈದುಕೊಂಡೇ ಬಿಸಾಕಿದಳು, ಆದರೆ ಬಿಸಾಕಿದಳು.

ಲೋಟದ ಹುಳುಗಳಲ್ಲಿ ಏಳು ಸತ್ತವು. ಐದು ಮಣ್ಣಿಗಿಳಿದು, ಕೆಂಪು ಕಂದಿನ ಹೊಳೆಯುವ ಕೋಶವಾಗಿ, ಖರ್ಜೂರದ ಬೀಜದಂತೆ ಬಿದ್ದುಕೊಂಡವು. ಅವುಗಳಿಗೆ ಇನ್ನು ಊಟ ಬೇಡ. ಮಡಿಯ ಹುಳುಗಳಿಗೆ ಬೇಕಿತ್ತು. ಹಿಂದೆ ನಲವತ್ತು ಬೀಳುತ್ತಿದ್ದ ಕಡೆ ಇನ್ನೂರು, ಮುನ್ನೂರು ಬೀಳತೊಡಗಿದವು. ಮೂರನೇ ಮಡಿ ಮುಗಿದು ನಾಲ್ಕಕ್ಕೆ, ಏಳಕ್ಕೆ, ಹನ್ನೊಂದಕ್ಕೆ ದಾಟಿತು. ಏಳನೇ ಕಲಮಿನಲ್ಲಿ ಜಾಗ ಸಾಲದೆ ಅವಳು ಅಂಚಿನಲ್ಲಿ ಬರೆದಳು. ಅವಳ ಅಕ್ಷರ ಮುತ್ತಿನಂತಿತ್ತು.

ಹದಿನೈದನೇ ದಿನ ಅವಳಿಗೆ ತಡೆಯಲಾಗಲಿಲ್ಲ. ಮೈದುನ ಇನ್ನೂ ಎದ್ದಿರಲಿಲ್ಲ. ಅಡುಗೆಮನೆಯಿಂದ ಒಂದು ಚಮಚ ತೆಗೆದುಕೊಂಡು ಹೋಗಿ ಐದನೇ ಮಡಿಯ ಮುಂದೆ ಕೂತು ಕೆದಕಿದಳು. ಮೊದಲ ಬುಡದಲ್ಲೇ ಹುಳು ಸಿಕ್ಕಿತು. ಎರಡನೆಯದರಲ್ಲೂ ಸಿಕ್ಕಿತು. ಕಾಲು ಗಂಟೆಯಲ್ಲಿ ಒಂಬತ್ತಾಯಿತು. ಎಷ್ಟು ಸುಲಭವಾಗಿತ್ತೆಂದರೆ ಅವಳಿಗೆ ಸಿಟ್ಟೇ ಬಂತು. ಹೀಗೇ ಹೋದರೆ ಹತ್ತು ದಿನದಲ್ಲಿ ಅರ್ಧಕ್ಕರ್ಧ ಉಳಿಸಬಹುದು ಎಂದು ಲೆಕ್ಕ ಹಾಕುತ್ತಿರುವಾಗ ಬಾವಿಕಟ್ಟೆಯ ಕಡೆಯಿಂದ ಕೇಳಿಸಿತು:

"ಕೊಕ್ಕೊಕ್ಕೋ. ಕೋಳಿ ಬಂತಾ?"

ಅತ್ತೆ ತಲೆ ಕೂಡ ಎತ್ತಿರಲಿಲ್ಲ. ತನ್ನ ಪಾಡಿಗೆ ಕೆದಕುತ್ತಲೇ ಇದ್ದಳು.

ಸಸಿಯಕ್ಕನ ಕಿವಿ ಬಿಸಿಯಾಯಿತು. ಚಮಚವನ್ನು ಮಣ್ಣಿನಲ್ಲಿ ಚುಚ್ಚಿಟ್ಟು ಎದ್ದಳು. ಸೀರೆ ಕೊಡವಿಕೊಂಡಳು. "ನಾನು ನೋಡ್ತಿದ್ದೆ ಅಷ್ಟೇ. ಎಷ್ಟಿದೆ ಅಂತ ಲೆಕ್ಕ ಬೇಕಲ್ಲ, ಫಾರಮಿಗೆ."

"ನೋಡು ನೋಡು. ಓದಿದೋರು ನೋಡಬೇಕು."

ಸಸಿಯಕ್ಕ ಒಂದು ಮಾತು ನುಂಗಿಕೊಂಡಿದ್ದರೆ ಆಗುತ್ತಿತ್ತು. ಅತ್ತೆಯೂ ನುಂಗಬಹುದಿತ್ತು, ಆದರೆ ವರ್ಷಗಟ್ಟಲೆ ಸೊಸೆಯ ಸರ್ಟಿಫಿಕೇಟು, ಮಗನ ಡ್ರಾಯರು ಎಂದು ಬಾಯಿ ಮುಚ್ಚಿಸಿಕೊಂಡವಳಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. ಸಸಿಯಕ್ಕನೂ ಅಷ್ಟೆ. ಅವಳಿಗೆ ಸಸಿ ಹೋಗುವುದನ್ನು ಸಹಿಸಲಾದೀತು, ಮುದುಕಿಯ ಮಾತು ನಿಜವಾಗುವುದನ್ನು ಸಹಿಸಲಾಗದು. ಮತ್ತೆ ಆ ಚಮಚವನ್ನು ಅವಳು ಮುಟ್ಟಲಿಲ್ಲ. ಅದು ಐದನೇ ಮಡಿಯಲ್ಲಿ ನಿಂತಲ್ಲೇ ನಿಂತಿತು, ಸುತ್ತ ಸಸಿ ಬೀಳುತ್ತ ಹೋದವು.

ಇಪ್ಪತ್ತೊಂದನೇ ದಿನ ಲೋಟವೊಂದರಲ್ಲಿ ಪತಂಗ ಹೊರಬಂತು. ಅವಳು ಅದನ್ನು ನೋಡಿದಳು. ಕಡ್ಡಿಯಂಥ ಮೈ, ಬೆನ್ನಿಗೊತ್ತಿದ ರೆಕ್ಕೆ, ಹುರುಳಿ ಮಚ್ಚೆ, ಕಪ್ಪು ಚೂರಿ. ಲೋಟದ ಬಾಯಿಗೆ ಬಟ್ಟೆ ಕಟ್ಟಿ ಬಸ್ಸು ಹತ್ತಿದಳು.

"ಈಗ ಸರಿ," ಎಂದ ಗುಂಡುಸೂಜಿ. ಲೋಟದೊಳಗೆ ಏನೋ ನೆನೆಸಿದ ಹತ್ತಿ ಹಾಕಿ ಮುಚ್ಚಿ, ಪತಂಗ ಮಿಸುಕಾಡುವುದು ನಿಂತ ಮೇಲೆ ಬೆನ್ನಿಗೆ ಸೂಜಿ ಚುಚ್ಚಿ, ಹಲಗೆಯ ಮೇಲೆ ರೆಕ್ಕೆ ಅಗಲಿಸಿ ಕಾಗದದ ಪಟ್ಟಿ ಹಾಕಿ ಬಿಗಿದ. ಈ ಕೆಲಸದಲ್ಲಿ ಮಾತ್ರ ಅವನ ಕೈ ನಿಜಕ್ಕೂ ನಯವಾಗಿತ್ತು. "ಇನ್ನು ನಾಲ್ಕು ದಿನ ಒಣಗಬೇಕು."

"ನಾಲ್ಕು ದಿನ? ಐದನೇ ದಿನ ಲಾರಿ."

"ಹಸಿ ಪತಂಗಾನ ಡ್ರಾಯರಿನ ಪಕ್ಕ ಇಟ್ಟು ಹೋಲಿಸೋಕಾಗಲ್ಲ. ರೆಕ್ಕೆ ಮುದುರಿಕೊಳ್ಳತ್ತೆ. ಪದ್ಧತಿ ಅಂತ ಒಂದಿದೆ ಅತ್ತಿಗೆ."

ನಾಲ್ಕು ದಿನ ಒಣಗಿತು. ಇಪ್ಪತ್ತೈದನೇ ದಿನ ಮಧ್ಯಾಹ್ನ ಅವನು ಒಣಗಿದ ಪತಂಗವನ್ನು ಎರಡು ಬೆರಳಲ್ಲಿ ಹಿಡಿದು ಕಪಾಟಿನ ಮುಂದೆ ನಿಂತ. ನಲವತ್ತನೇ ಡ್ರಾಯರಿನಿಂದ ಹುಡುಕಲು ಹೊರಟ, ಅಪರೂಪದ್ದಿರಬಹುದು ಎಂಬ ಆಸೆಯಿಂದ. ಮೂವತ್ತು, ಇಪ್ಪತ್ತು, ಹತ್ತು. ಒಂದೊಂದನ್ನು ತೆಗೆದು ಮುಚ್ಚುವಾಗಲೂ ಸಸಿಯಕ್ಕನಿಗೆ ಗಡಿಯಾರ ಕಾಣುತ್ತಿತ್ತು. ಕೊನೆಗೆ ಮೊದಲನೇ ಡ್ರಾಯರು ತೆಗೆದ. ಎಡಗಡೆಯ ಮೊದಲ ಸಾಲಿನಲ್ಲಿ ಮೂವತ್ತಾರು ಪತಂಗ, ಎಲ್ಲ ಒಂದೇ ತೆರನವು, ರೆಕ್ಕೆ ಚಾಚಿಕೊಂಡು ಬಿದ್ದಿದ್ದವು. ಹುರುಳಿ ಮಚ್ಚೆ, ಕಪ್ಪು ಚೂರಿ, ಹಿಂದಿನ ರೆಕ್ಕೆ ಮುತ್ತಿನ ಬಿಳಿ. ಕೆಳಗೆ ಅವನದೇ ಕೈಬರಹದ ಚೀಟಿ: ಕಪ್ಪು ಕತ್ತರಿಹುಳು. ಎಲ್ಲೆಡೆ ಸಾಮಾನ್ಯ.

"ಓ," ಎಂದ. ಮುಖದಲ್ಲಿ ನಿರಾಸೆ ಇತ್ತು. "ಇದಾ. ಇದು ತೀರಾ ಮಾಮೂಲಿ."

ಸಸಿಯಕ್ಕ ಕಿಟಕಿಯ ಕಡೆ ಕೈ ತೋರಿಸಿದಳು. ಕಿಟಕಿಯ ಚೌಕಟ್ಟಿನ ಮೇಲೆ, ಅವನ ಕುರ್ಚಿಯಿಂದ ಎರಡು ಮೊಳ ದೂರದಲ್ಲಿ, ಬೀಡಿ ತುಂಡಿನಂಥದೊಂದು ಕೂತಿತ್ತು. ಅವನು ಫಾರಮನ್ನು ಸುರುಳಿ ಸುತ್ತಿ ಅದಕ್ಕೆ ಬಡಿದ, ಅಭ್ಯಾಸಬಲದಿಂದ, ನೊಣಕ್ಕೆ ಬಡಿಯುವ ಹಾಗೆ. ಕೆಳಗೆ ಬಿದ್ದದ್ದನ್ನು ಅವಳು ಎತ್ತಿಕೊಂಡು, ಉಗುರಿನಲ್ಲಿ ರೆಕ್ಕೆ ಬಿಡಿಸಿ, ಡ್ರಾಯರಿನ ಗಾಜಿನ ಮೇಲಿಟ್ಟಳು. ಹಿಂದಿನ ರೆಕ್ಕೆ ಮುತ್ತಿನ ಬಿಳಿ.

ಅವನು ಕನ್ನಡಕ ಮೇಲೆತ್ತಿ, ಮತ್ತೆ ಕೆಳಗಿಳಿಸಿ ನೋಡಿದ.

"ಮಡಚಿಟ್ಟುಕೊಂಡಿತ್ತಲ್ಲ," ಎಂದ.

"ಹೂಂ. ನಿಮ್ಮಣ್ಣನೂ ಕೈ ಕಟ್ಟಿಕೊಂಡು ನಿಂತರೆ ಯಾರಪ್ಪ ಇವನು ಅಂತೀಯ ನೀನು. ಕೈಕಾಲು ಚಾಚಿ ಮಲಗಿಸಿ, ಎದೆಗೊಂದು ಸೂಜಿ ಹೊಡೆದರೆ ಗುರುತು ಹತ್ತತ್ತೆ."

ಅವನಿಗೆ ಇದು ತಮಾಷೆಯೋ ಬೈಗುಳವೋ ತಿಳಿಯಲಿಲ್ಲ. ಚೀಟಿ ಬರೆದ. ಹೆಸರು ತುಂಬಿದ, ಸೀಲು ಒತ್ತಿದ, ಶಾಯಿ ಒಣಗಲೆಂದು ಊದಿದ. ಅವಳು ಓಡಿ ಉಗ್ರಾಣ ತಲುಪಿದಾಗ ಬಾಗಿಲು ಅರ್ಧ ಎಳೆದಿತ್ತು. ಉಗ್ರಾಣದವನು ಚೀಟಿ ಓದಿ, ಹಿಂದೆ ತಿರುಗಿಸಿ, ಅವಳಿಗೇ ವಾಪಸು ಕೊಟ್ಟ.

"ಇದಕ್ಕೆ ಔಷಧಿ ಇಲ್ಲಮ್ಮ. ಹಿಂದುಗಡೆ ಅಚ್ಚಾಗಿದೆ ನೋಡಿ."

ಅಚ್ಚಾದ ಕಾಗದ. ಅವಳು ಓದಿದಳು. ಕಪ್ಪು ಕತ್ತರಿಹುಳು: ಬೆಳಿಗ್ಗೆ ತುಂಡಾದ ಸಸಿಯ ಬುಡ ಕೆದಕಿ, ಹುಳುವನ್ನು ಕೈಯಿಂದ ಆರಿಸಿ ನಾಶಪಡಿಸುವುದು. ಸಸಿಮಡಿಗೆ ಔಷಧಿ ಶಿಫಾರಸು ಇಲ್ಲ.

ಮಾರನೆಯ ಬೆಳಿಗ್ಗೆ ಲಾರಿ ಬಂತು. ಫಾರಂನ ಮೇಸ್ತ್ರಿ ಮಡಿಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆದ. ಐದನೇ ಮಡಿಯಲ್ಲಿ ನೆಟ್ಟಗೆ ನಿಂತಿದ್ದ ಚಮಚವನ್ನು ನೋಡಿ, "ಇದೊಂದು ಚೆನ್ನಾಗಿ ಬಂದಿದೆ," ಎಂದ. ತುಂಡು ಬಿದ್ದ ಮಡಿಯ ಒಂದು ಸಸಿಯನ್ನೂ ಮುಟ್ಟಲಿಲ್ಲ. ನಿಂತ ಸಸಿಯ ಬುಡದ ಮಣ್ಣಿನಲ್ಲಿ ಹುಳು ಇರುತ್ತದೆ, ಅದನ್ನು ತಮ್ಮ ಹೊಲಕ್ಕೆ ಹೊತ್ತುಕೊಂಡು ಹೋಗಲು ತಾನು ಅಷ್ಟು ದೂರದಿಂದ ಬಂದಿಲ್ಲ ಎಂದ. ಬಾವಿ ಹತ್ತಿರ ಹೋಗಿ ನಿಂತ. "ಇವೆರಡು ಯಾರದ್ದು?"

"ಕೋಳೀದು," ಎಂದಳು ಅತ್ತೆ.

ಅವೆರಡು ಮಡಿಯ ಸಸಿಯನ್ನು ಮಾತ್ರ ಹೇರಿಸಿಕೊಂಡ. ಮುಂದಿನ ವರ್ಷದ ಮಾತೆತ್ತಲಿಲ್ಲ. ಗುಂಡುಸೂಜಿ ಮಹಡಿಯಿಂದ ಇಳಿದು ಬಂದು, ಏಳನೇ ಕಲಮಿಗೆ ಅಂತಿಮ ಲೆಕ್ಕ ಬೇಕು ಎಂದ. ಸಸಿಯಕ್ಕ ಪೆನ್ನು ತೆಗೆದುಕೊಂಡು ಮಡಿಯಿಂದ ಮಡಿಗೆ ನಡೆದು, ಸಂಜೆಯವರೆಗೆ ಎಣಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಳು.

ಅತ್ತೆಯ ಎರಡು ಮಡಿಯಲ್ಲಿ ಹೋದದ್ದು ನಲವತ್ತು. ಉಳಿದ ಇಪ್ಪತ್ತು ಮಡಿಯಲ್ಲಿ ಹುಳು ಕಡಿದದ್ದು ಏಳು ಸಾವಿರದ ನಾನೂರ ಅರವತ್ತು. ಲೋಟದ ಹುಳುಗಳಿಗೆ ಕೈಯಾರೆ ಕಿತ್ತು ಹಾಕಿದ್ದು ನೂರ ನಲವತ್ತು. ಲಾರಿ ಎತ್ತದೆ ಬಿಟ್ಟದ್ದು ಹತ್ತು ಸಾವಿರದ ನಾನೂರು. ಗುಂಡುಸೂಜಿಯ ಆಫೀಸಿನಲ್ಲೇ ಉಳಿದ ಗಾಜಿನ ಲೋಟ ಒಂದು.